ಚಿಕ್ಕಿ ಸುರಂಗ ದಾಟಿದಳು

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆ. ನಮ್ಮ ನಾಯಿ ಚಿಕ್ಕಿ ಬೀದಿಯಿಂದ ಬಂದವಳು, ಮೈಬಣ್ಣ ಥೇಟ್ ಲೋನಾವಳದ ಶೇಂಗಾ ಚಿಕ್ಕಿ. ಈಗ ಅವಳಿಗೆ ಎರಡು ವರ್ಷ. ಕಳೆದ ತಿಂಗಳು ಅಜಿಲಿಟಿ, ಅಂದರೆ ನಾಯಿಗಳ ಅಡೆತಡೆ ಓಟ, ಶುರು ಮಾಡಿದೆವು. ಅಡ್ಡಪಟ್ಟಿ ಹಾರುವುದು, ಸುರಂಗದಲ್ಲಿ ನುಗ್ಗುವುದು, ಕೋಲುಗಳ ನಡುವೆ ಹಾವಿನ ಹಾಗೆ ಓಡುವುದು. ಕುದುರೆಗಳ ಜಿಗಿತದ ಸ್ಪರ್ಧೆ ನೋಡಿ ಹುಟ್ಟಿದ ಆಟ ಇದು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಮೊದಲು ಆಡಿ ತೋರಿಸಿದರು.

ಇಷ್ಟು ದಿನ ಬೇಕಂತಲೇ ಕಾದೆ. ಮರಿಯ ಎಲುಬು ಬೆಳೆಯುವಾಗ ಎತ್ತರ ಹಾರಿಸಬಾರದು, ಕೀಲಿಗೆ ಪೆಟ್ಟಾಗುತ್ತದೆ. ಈಗಲೂ ಎರಡು ಇಟ್ಟಿಗೆ, ಮೇಲೊಂದು ಪಿವಿಸಿ ಪೈಪ್, ಅಷ್ಟೇ. ಪಾರ್ಕಿಂಗ್‌ನ ಸಿಮೆಂಟ್ ನೆಲ ಬೇಡವೇ ಬೇಡ, ಜಾರುತ್ತದೆ. ಹುಲ್ಲೇ ಬೇಕು.

ಜಾಸ್ತಿ ಕಷ್ಟವಾದದ್ದು ಸುರಂಗ. ಮಕ್ಕಳು ಆಡುವ ಬಟ್ಟೆಯ ಸುರಂಗ ತಂದಿದ್ದೆ. ಚಿಕ್ಕಿ ಮೂಸಿ ನೋಡಿ, ಬಾಲ ಮಡಚಿ ಹಿಂದೆ ಸರಿದಳು. ನಾನು ಎಳೆಯಲಿಲ್ಲ, ತಳ್ಳಲಿಲ್ಲ. ಸುರಂಗವನ್ನು ಒತ್ತಿ ಗಿಡ್ಡ ಮಾಡಿ, ಆಚೆ ತುದಿಯಲ್ಲಿ ಬೋರಲು ಮಲಗಿದೆ. ಕೈಯಲ್ಲಿ ಬೇಯಿಸಿದ ಕೋಳಿಯ ಚೂರು. ಮೊದಲು ಒದ್ದೆ ಮೂಗು ಕಂಡಿತು. ಆಮೇಲೆ ಒಂದು ಕಾಲು. ಅದೂ ವಾಪಸ್. ನಾಲ್ಕು ದಿನ ಇದೇ ಆಯಿತು.

ಐದನೇ ದಿನ ಬೆಳಿಗ್ಗೆ ಧಾರವಾಡದಿಂದ ಅವ್ವ ವಿಡಿಯೊ ಕಾಲ್‌ನಲ್ಲಿದ್ದಳು. "ಅಂಜಬ್ಯಾಡ, ಬಾ ನನ್ನವ್ವ" ಅಂದಳು, ಚಿಕ್ಕಿಗೆ. ಬಟ್ಟೆ ಸರಸರ ಅಂತು. ಮರುಕ್ಷಣ ಅವಳ ಬಿಸಿ ಉಸಿರು ನನ್ನ ಮುಖಕ್ಕೆ ಬಡಿಯಿತು! ನನಗೆ ಕಣ್ಣೀರೇ ಬಂತು.

ದಿನಕ್ಕೆ ಹತ್ತೇ ನಿಮಿಷ ಆಡಿಸುತ್ತೇನೆ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಬೇಕು, ಅಲ್ವಾ? ನಾಳೆಯಿಂದ ಕೋಲು. ದೊಡ್ಡ ಸ್ಪರ್ಧೆಗಳಲ್ಲಿ 12 ಇರುತ್ತವೆ. ನಮ್ಮದು ಎರಡರಿಂದ ಶುರು.