ಸ್ಟ್ರೇಟಸ್ ಮತ್ತು ಸರ್ವಲಘು

16 ಮೇ 2024, ಗುರುವಾರ
ಮೈಸೂರು

ಇವತ್ತು ಜಾಝ್ ಡ್ರಮ್ಮರ್ ಬಿಲ್ಲಿ ಕಾಬಮ್ ಅವರಿಗೆ 80 ತುಂಬಿತು. ಪ್ರತಿ ವರ್ಷ ಮೇ 16ಕ್ಕೆ ನಾನು ಅವರ 'ಸ್ಪೆಕ್ಟ್ರಮ್' ಆಲ್ಬಮ್ಮನ್ನು ಒಂದು ಸಲ ಪೂರ್ತಿ ಕೇಳುತ್ತೇನೆ. ಹುಟ್ಟುಹಬ್ಬ ಒಂದು ಕಾರಣ. ಇನ್ನೊಂದು ಕಾರಣ, ಆ ಆಲ್ಬಮ್ಮಿನ ರೆಕಾರ್ಡಿಂಗ್ ಮುಗಿದದ್ದೂ ಇದೇ ದಿನ. 1973ರ ಮೇ 14, 15, 16. ಜಾಗ ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋ, ಜಿಮಿ ಹೆಂಡ್ರಿಕ್ಸ್ ಕಟ್ಟಿಸಿದ್ದು. ಮೂರೇ ದಿನ. ಕೊನೇ ದಿನ ಕಾಬಮ್‌ಗೆ 29 ವರ್ಷ.

ಈ ಸಲ ಜೊತೆಗೆ ಅಣ್ಣನ ಮಗ ಇದ್ದ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಸರಿಯಾಗಿ ಒಂದು ವಾರ. ಪಿಯುಸಿ ಶುರುವಾಗುವವರೆಗೆ ಇಲ್ಲೇ ಇರುತ್ತಾನೆ. ಎರಡು ವರ್ಷದಿಂದ ಡ್ರಮ್ಸ್ ಕಲಿಯುತ್ತಿದ್ದಾನೆ. ಬರುವಾಗ ಬಟ್ಟೆಗಿಂತ ಮೊದಲು ಪ್ರಾಕ್ಟೀಸ್ ಪ್ಯಾಡು, ಕಡ್ಡಿ ಬ್ಯಾಗಿಗೆ ಹಾಕಿಕೊಂಡನಂತೆ. ಅತ್ತಿಗೆ ಫೋನಿನಲ್ಲಿ ಹೇಳಿದರು.

ನನಗೆ ಈ ಆಲ್ಬಮ್ ಸಿಕ್ಕಿದ್ದು 1996ರಲ್ಲಿ, ಹಾಸ್ಟೆಲಿನಲ್ಲಿ. ಬೆಂಗಳೂರಿನ ಸೀನಿಯರ್ ಒಬ್ಬರು ಸಿಡಿಯಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟರು. 60 ನಿಮಿಷದ ಕ್ಯಾಸೆಟ್. ಮೇಲೆ ಪೆನ್ನಿನಲ್ಲಿ 'ಡ್ರಮ್ಸ್' ಅಂತ ಅಷ್ಟೇ ಬರೆದಿತ್ತು. ಯಾರದು, ಯಾವ ವರ್ಷದ್ದು, ಏನೂ ಇಲ್ಲ. ಆಲ್ಬಮ್ ಇರುವುದು ಸುಮಾರು 37 ನಿಮಿಷ. ಒಂದು ಮಗ್ಗುಲಿಗೆ ಹಿಡಿಯುವುದು 30. ಹಾಗಾಗಿ 'ಲೆ ಲಿಸ್' ಅನ್ನುವ ಮೆಲುವಾದ ತುಣುಕು ಮುಗಿಯುವ ಹೊತ್ತಿಗೆ ಟೇಪು ಕಟಕ್ ಅಂತ ನಿಲ್ಲುತ್ತಿತ್ತು. ಎದ್ದು ಹೋಗಿ ಕ್ಯಾಸೆಟ್ ತಿರುಗಿಸಿದರೆ ಕೊನೆಯ ತುಣುಕು, 'ರೆಡ್ ಬ್ಯಾರನ್'. ಎಷ್ಟೋ ವರ್ಷ ಆದ ಮೇಲೆ ಪೂರ್ತಿ ಕೇಳಿದಾಗ, ನಡುವೆ ಆ ಕಟಕ್ ಬರಲಿಲ್ಲವಲ್ಲ ಅಂತ ಒಂದು ಕ್ಷಣ ಕಿವಿ ಹುಡುಕಿತ್ತು.

ಆಗ ನನ್ನದು ಮೃದಂಗದ ಕಿವಿ. ಒಂಬತ್ತು ವರ್ಷ ಕಲಿತಿದ್ದೆ. ಅಷ್ಟು ಡ್ರಮ್ ಒಟ್ಟಿಗೆ ಬಾರಿಸುವುದನ್ನು ಯಾವತ್ತೂ ಗಮನವಿಟ್ಟು ಕೇಳಿರಲಿಲ್ಲ. ಡ್ರಮ್ಸ್ ಅಂದರೆ ರಸಮಂಜರಿ ಕಾರ್ಯಕ್ರಮದಲ್ಲಿ ಹಿಂದೆ ಕೂತವರು ಬಾರಿಸುವುದು ಅಂತ ತಿಳಿದಿದ್ದೆ. ಇಲ್ಲಿ ಹಿಂದೆ ಕೂತವರೇ ಯಜಮಾನರು. ಎಲ್ಲ ತುಣುಕುಗಳನ್ನೂ ಅವರೇ ಕಟ್ಟಿದ್ದು. ಅದು ಗೊತ್ತಾದ ಮೇಲೆ ಕೇಳುವ ರೀತಿಯೇ ಬದಲಾಯಿತು.

ಬೆಳಿಗ್ಗೆ ತಿಂಡಿ ಆದ ಮೇಲೆ ಸ್ಪೀಕರ್‌ಗೆ ಹಾಕಿದೆ. ಮೊದಲನೆಯದು 'ಕ್ವಾಡ್ರಂಟ್ 4'. ಹುಡುಗ ಹತ್ತೇ ಸೆಕೆಂಡಿಗೆ ಎದ್ದು ನಿಂತ. ಎರಡೂ ಕಾಲಿನಲ್ಲಿ ಬೇಸ್ ಡ್ರಮ್ ಓಡುತ್ತಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಿಶ್ರ ನಡೆ, ಅಂದರೆ ಒಂದು ಏಟಿಗೆ ಮೂರರಂತೆ, ಅದೂ ಏದುಸಿರು ಬಿಡುವ ವೇಗದಲ್ಲಿ. ಮೇಲೆ ಯಾನ್ ಹ್ಯಾಮರ್ ಅವರ ಮೋಗ್ ಸಿಂಥಸೈಜರ್, ಟಾಮಿ ಬೋಲಿನ್ ಅವರ ಗಿಟಾರ್. ಯಾವುದು ಯಾವುದು ಅಂತ ಬಿಡಿಸುವುದು ಕಷ್ಟ. ಹ್ಯಾಮರ್ ಕೀಬೋರ್ಡಿನಲ್ಲಿ ತಂತಿ ಎಳೆದ ಹಾಗೆ ಸ್ವರ ಬಗ್ಗಿಸುತ್ತಾರೆ.

"ಚಿಕ್ಕಪ್ಪ, 1973ರಲ್ಲಿ ಡಬಲ್ ಬೇಸ್ ಡ್ರಮ್ ಹೀಗೆ ಬಾರಿಸ್ತಿದ್ರಾ?"

"ಹೂಂ ಕಣೋ. ಇವರನ್ನ ಕೇಳಿ ಎಷ್ಟೋ ರಾಕ್ ಡ್ರಮ್ಮರ್‌ಗಳು ಕಲಿತರು."

ಅವನು ಅದನ್ನೇ ಮೂರು ಸಲ ಹಾಕಿಸಿದ. ನಾನೂ ಬೇಡ ಅನ್ನಲಿಲ್ಲ. ಆ ವಯಸ್ಸಿನಲ್ಲಿ ವೇಗ ನೋಡಿ ಮರುಳಾಗದಿದ್ದರೆ ಇನ್ಯಾವಾಗ?

ಕಾಬಮ್ ಬಂದ ದಾರಿ ಅವನಿಗೆ ಸ್ವಲ್ಪ ಹೇಳಿದೆ. ಪನಾಮಾದ ಕೊಲೋನ್‌ನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ನ್ಯೂಯಾರ್ಕಿಗೆ ಬಂದರು. ಅಮೆರಿಕದ ಸೈನ್ಯದ ಬ್ಯಾಂಡಿನಲ್ಲಿ ಮೂರು ವರ್ಷ ಬಾರಿಸಿದರು. ಆಮೇಲೆ ಪಿಯಾನೋ ವಾದಕ ಹೊರೇಸ್ ಸಿಲ್ವರ್ ಜೊತೆ. 1970ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಜ್ಯಾಕ್ ಜಾನ್ಸನ್' ರೆಕಾರ್ಡಿಂಗಿನಲ್ಲಿ. ಅಲ್ಲಿ ಗಿಟಾರ್ ಹಿಡಿದಿದ್ದವರು ಜಾನ್ ಮೆಕ್‌ಲಾಫ್ಲಿನ್. ಮಾರನೇ ವರ್ಷ ಆ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಕಾಬಮ್, ಹ್ಯಾಮರ್ ಇಬ್ಬರೂ ಇದ್ದರು. ಮಹಾವಿಷ್ಣು ಅನ್ನುವುದು ಮೆಕ್‌ಲಾಫ್ಲಿನ್‌ಗೆ ಅವರ ಗುರು ಶ್ರೀ ಚಿನ್ಮೊಯ್ ಕೊಟ್ಟ ಹೆಸರು. ಆ ತಂಡದ ಸಂಗೀತ ಕಡಿದಾದ ಬೆಟ್ಟದ ಹಾಗೆ. ತಾಳವನ್ನು ಏಳು, ಒಂಬತ್ತು ಅಂತ ಎಣಿಸುತ್ತಾ ಹೋದರೆ ತಲೆ ಸುತ್ತುತ್ತದೆ. 'ಸ್ಪೆಕ್ಟ್ರಮ್' ಮಾಡುವ ಹೊತ್ತಿಗೆ ಆ ತಂಡದೊಳಗೆ ಬಿರುಕು ಬಿಟ್ಟಿತ್ತು. ವರ್ಷದ ಕೊನೆಗೆ ಒಡೆದೇ ಹೋಯಿತು.

ನನ್ನ ಮನಸ್ಸಿನಲ್ಲಿರುವುದು ಇದು. ಅಂಥ ತಂಡದ ಡ್ರಮ್ಮರ್ ತನ್ನದೇ ಹೆಸರಿನಲ್ಲಿ ಮೊದಲ ಆಲ್ಬಮ್ ಮಾಡುತ್ತಾನೆ ಅಂದರೆ ಏನು ನಿರೀಕ್ಷೆ ಇರುತ್ತದೆ ಹೇಳಿ? ಉದ್ದುದ್ದ ತನಿ, ಅಂದರೆ ಡ್ರಮ್ಸ್ ಒಂದೇ ಬಾರಿಸುವುದು, ಇರಬೇಕು ಅಲ್ವಾ? ಇಲ್ಲ. ಡ್ರಮ್ಸ್ ಒಂದೇ ಮಾತಾಡುವುದು ಎರಡು ಕಡೆ, ತುಣುಕಿಗೆ ಮುನ್ನುಡಿಯ ಹಾಗೆ. ಎರಡೂ ಸೇರಿದರೆ ಮೂರು ನಿಮಿಷದ ಆಸುಪಾಸು. ಅದರಲ್ಲೊಂದು 'ಟೌರಿಯನ್ ಮ್ಯಾಟಡೋರ್' ಮೊದಲು ಬರುತ್ತದೆ. (ಮೇ 16 ಅಂದರೆ ಅಲ್ಲಿಯ ಲೆಕ್ಕದಲ್ಲಿ ವೃಷಭ ರಾಶಿ. ಹೆಸರಿನಲ್ಲೇ ತಮ್ಮ ರಾಶಿ ಇಟ್ಟಿದ್ದಾರೆ.) ಉಳಿದ ಹೊತ್ತೆಲ್ಲ ಅವರು ಬೇರೆಯವರಿಗೆ ಬಾರಿಸುತ್ತಾರೆ.

ಬೇರೆಯವರು ಅಂದರೆ ಯಾರು? ಅದೂ ನೋಡುವಂಥದ್ದು. ಬೇಸ್ ಗಿಟಾರ್‌ಗೆ ಲೀ ಸ್ಕ್ಲಾರ್. ಜೇಮ್ಸ್ ಟೇಲರ್ ಥರದ ಹಾಡುಗಾರರ ಹಿಂದೆ ನುಡಿಸಿ ಹೆಸರು ಮಾಡಿದವರು, ಜಾಝ್‌ನವರಲ್ಲ. ಬೋಲಿನ್ ರಾಕ್ ಹುಡುಗ, ಆಗಿನ್ನೂ 21. ಎರಡು ತುಣುಕಿಗೆ ಮಾತ್ರ ರಾನ್ ಕಾರ್ಟರ್, ಜೋ ಫ್ಯಾರೆಲ್, ಜಿಮಿ ಓವೆನ್ಸ್, ರೇ ಬರೆಟ್ಟೊ ಥರದ ಜಾಝ್‌ನಲ್ಲಿ ಪಳಗಿದ ಕೈಗಳು ಬರುತ್ತವೆ. ಧ್ವನಿ ಹಿಡಿದವರು ಕೆನ್ ಸ್ಕಾಟ್. ಬೀಟಲ್ಸ್, ಡೇವಿಡ್ ಬೋವಿ ಜೊತೆ ಕೆಲಸ ಮಾಡಿದವರು. ಸ್ನೇರ್ (ಚಟ್ ಅಂತ ಸದ್ದು ಮಾಡುವ ಡ್ರಮ್) ಎದೆಗೇ ಬಡಿದ ಹಾಗೆ ಕೇಳುವುದಕ್ಕೆ ಅವರೂ ಕಾರಣ. ಲೆಕ್ಕ ಬಿಡಿಸುವವರನ್ನು ಬಿಟ್ಟು ಗಟ್ಟಿಯಾಗಿ ನಿಲ್ಲುವವರನ್ನು ಕಾಬಮ್ ಕರೆದುಕೊಂಡರು ಅಂತ ನನಗೆ ಅನಿಸುತ್ತದೆ.

ಅದು ಗೊತ್ತಾಗುವುದು 'ಸ್ಟ್ರೇಟಸ್' ಅನ್ನುವ ತುಣುಕಿನಲ್ಲಿ. ಹತ್ತು ನಿಮಿಷಕ್ಕೆ ಹತ್ತು ಸೆಕೆಂಡ್ ಕಡಿಮೆ. ಮೊದಲ ಮೂರು ನಿಮಿಷ ತಾಳವೇ ಇಲ್ಲ ಅನ್ನಬೇಕು. ಮೋಗ್ ದೂರದ ಗುಡುಗಿನ ಹಾಗೆ ಗೊಣಗುತ್ತದೆ. ಡ್ರಮ್ಸ್ ಅತ್ತಿತ್ತ ಅಲೆಯುತ್ತದೆ. ಹುಡುಗ ಫೋನ್ ತೆಗೆದ. ನಾನು ಸುಮ್ನೆ ಕೈ ಎತ್ತಿ, ತಡಿ ಅಂದೆ. ಆಮೇಲೆ ಆ ಬೇಸ್ ಗಿಟಾರ್ ಬರುತ್ತದೆ. ಚಿಕ್ಕ ಸಾಲು, ಬಾಯಲ್ಲಿ ಹೇಳಿಕೊಳ್ಳಬಹುದಾದಷ್ಟು. ಸ್ಕ್ಲಾರ್ ಅದನ್ನೇ ಹೇಳುತ್ತಾರೆ. ಮತ್ತೆ ಅದನ್ನೇ. ಮತ್ತೆ ಅದನ್ನೇ. ಅದರ ಪಕ್ಕದಲ್ಲೇ ಕಾಬಮ್ ಅವರ ಹೈ ಹ್ಯಾಟ್ (ಒಂದರ ಮೇಲೊಂದು ಕೂತ ಜೋಡಿ ತಟ್ಟೆ), ಒಂದು ಏಟಿಗೆ ನಾಲ್ಕರಂತೆ, ಹೊಲಿಗೆ ಮೆಷಿನ್ ಓಡಿದ ಹಾಗೆ. ಹೆಡ್‌ಫೋನ್ ಹಾಕಿ ಕೇಳಿದರೆ ಆ ನಾಲ್ಕೂ ಒಂದೇ ತೂಕದವಲ್ಲ ಅಂತ ಗೊತ್ತಾಗುತ್ತದೆ. ಒಂದು ಒತ್ತಿ, ಒಂದು ತೇಲಿಸಿ. ನಡುವೆ ಸ್ನೇರ್ ಮೇಲೆ ಕೇಳಿಯೂ ಕೇಳದ ಹಾಗೆ ಸಣ್ಣ ತಟ್ಟುಗಳು. ದೊಡ್ಡ ಏಟು ಮಾತ್ರ ಬರುವ ಕಡೆಗೇ ಬರುತ್ತದೆ.

"ಏನ್ ಚಿಕ್ಕಪ್ಪ, ಒಂದೇ ಬಾರಿಸ್ತಿದಾರೆ?" ಅಂದ.

ಅದಕ್ಕೆ ನಮ್ಮಲ್ಲಿ ಒಂದು ಹೆಸರಿದೆ ಅಂದೆ. ಸರ್ವಲಘು. ಹಾಡುಗಾರರಿಗೆ ಮೃದಂಗದವರು ಲೆಕ್ಕಾಚಾರ ಬಿಟ್ಟು ಒಂದೇ ಹರಿವಿನಲ್ಲಿ ಬಾರಿಸಿಕೊಂಡು ಹೋಗುವುದು. ಕೇಳುವವರಿಗೆ ಅದು ಸುಲಭ ಅನಿಸುತ್ತದೆ. ನಮ್ಮ ಮೇಷ್ಟ್ರು ಹೇಳುತ್ತಿದ್ದರು, "ಲೆಕ್ಕ ಬರೆದುಕೊಂಡು ಕಲೀಬಹುದು ಕಣಯ್ಯ, ಸರ್ವಲಘು ಬಾಳಿ ಕಲೀಬೇಕು." ಮೊದಲ ನಾಲ್ಕು ತಿಂಗಳು ಅವರು ನನಗೆ ಮೃದಂಗ ಮುಟ್ಟಲು ಕೊಡಲಿಲ್ಲ. ಕೈಯಲ್ಲಿ ತಾಳ ಹಾಕು ಅಷ್ಟೇ. ತಾಳ ಹಾಕುತ್ತಿರುವಾಗಲೇ ಏನಾದರೂ ಕೇಳುವರು. "ಮನೇಲಿ ಇವತ್ತು ಏನು ಸಾರು? ನಿಮ್ಮಣ್ಣ ಊರಿಂದ ಬಂದ್ನಾ?" ಉತ್ತರ ಹೇಳುವಾಗ ಕೈ ಒಂದು ಕೂದಲೆಳೆ ತಡೆದರೂ ಅವರಿಗೆ ಗೊತ್ತಾಗುತ್ತಿತ್ತು. "ಕಾಲಪ್ರಮಾಣ ಬಿಟ್ಟೆ. ಮೊದಲಿಂದ." ಕಾಲಪ್ರಮಾಣ ಅಂದರೆ ಹಿಡಿದ ವೇಗ.

'ಸ್ಟ್ರೇಟಸ್'ನಲ್ಲಿ ಬೋಲಿನ್ ಸೋಲೋ ಶುರು ಮಾಡಿದಾಗ ಇದನ್ನೇ ಗಮನಿಸು ಅಂದೆ. ಬೋಲಿನ್ ಮೆಲ್ಲಗೆ ಶುರು ಮಾಡುತ್ತಾನೆ, ಬರಬರುತ್ತಾ ಬೆಂಕಿ ಹತ್ತುತ್ತದೆ. ಕಾಬಮ್ ಅವನ ಜೊತೆ ಏರುತ್ತಾರೆ. ಸದ್ದು ಏರುತ್ತದೆ, ತುಂಬುವಿಕೆ ಜಾಸ್ತಿ ಆಗುತ್ತದೆ, ಆದರೆ ಕಾಲ ಅಲ್ಲಾಡುವುದಿಲ್ಲ. ಬೋಲಿನ್ ಬಿದ್ದರೆ ಹಿಡಿಯಲು ಕೆಳಗೆ ನೆಲ ಇದೆ. ಅದಕ್ಕೇ ಆ ಹುಡುಗ ಅಷ್ಟು ಎತ್ತರಕ್ಕೆ ಹಾರಿದ. ನನಗೆ ಈ ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ದೊಡ್ಡದು ಈ ಆರೇಳು ನಿಮಿಷ. 'ಕ್ವಾಡ್ರಂಟ್ 4' ಅಲ್ಲ.

ಆ ನೆಲ ಎಷ್ಟು ಗಟ್ಟಿ ಅನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1991ರಲ್ಲಿ ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡ ಇದನ್ನೇ ತುಂಡರಿಸಿ ತೆಗೆದು 'ಸೇಫ್ ಫ್ರಮ್ ಹಾರ್ಮ್' ಕಟ್ಟಿತು. ಮೇಲಿನ ಗಿಟಾರ್, ಮೋಗ್ ಎಲ್ಲ ಬಿಟ್ಟು ಆ ಬೇಸ್, ಆ ಡ್ರಮ್ಸ್ ಇಟ್ಟುಕೊಂಡರು. ಹೊಸದೊಂದು ಹಾಡೇ ಎದ್ದು ನಿಂತಿತು. ಪಾಪ್ ಗಾಯಕ ಪ್ರಿನ್ಸ್ ವೇದಿಕೆಯಲ್ಲಿ ಇದನ್ನು ನುಡಿಸುತ್ತಿದ್ದರು. ಗಿಟಾರ್ ವಾದಕ ಜೆಫ್ ಬೆಕ್ ಕೂಡ. ಬೆಕ್ ರಾಕ್ ಹಾಡು ಬಿಟ್ಟು ವಾದ್ಯಸಂಗೀತದ ಕಡೆ ಹೊರಳಿದ್ದರಲ್ಲಿ 'ಸ್ಪೆಕ್ಟ್ರಮ್' ಕೇಳಿದ್ದರ ಪಾಲು ದೊಡ್ಡದು.

ಬೋಲಿನ್ ಕಥೆ ಹೇಳುವಾಗ ಯಾವಾಗಲೂ ಗಂಟಲು ಕಟ್ಟುತ್ತದೆ. 'ಸ್ಪೆಕ್ಟ್ರಮ್' ಆದ ಎರಡು ವರ್ಷಕ್ಕೆ ಡೀಪ್ ಪರ್ಪಲ್ ಅನ್ನುವ ರಾಕ್ ತಂಡ ಸೇರಿದರು. 1976ರ ಡಿಸೆಂಬರ್ 3ರಂದು ಮಯಾಮಿಯಲ್ಲಿ ಜೆಫ್ ಬೆಕ್ ಕಾರ್ಯಕ್ರಮಕ್ಕೆ ಮೊದಲು ನುಡಿಸಿದರು. ಅದೇ ಬೆಕ್, ಇವರ ಗಿಟಾರ್ ಇದ್ದ ಆಲ್ಬಮ್ ಕೇಳಿ ದಾರಿ ಬದಲಿಸಿದವರು. ಮಾರನೇ ದಿನ ಬೋಲಿನ್ ಇರಲಿಲ್ಲ. ಮಾದಕ ವಸ್ತು. 25 ವರ್ಷ. ಅಣ್ಣನ ಮಗ ಏನೂ ಮಾತಾಡಲಿಲ್ಲ. 'ಸ್ಟ್ರೇಟಸ್' ಮತ್ತೆ ಹಾಕು ಅಂದ. ಈ ಸಲ ಫೋನ್ ಮುಟ್ಟಲಿಲ್ಲ.

ಮಧ್ಯಾಹ್ನ ಕಾಬಮ್ ಬಾರಿಸುವ ಹಳೇ ವಿಡಿಯೋ ನೋಡಿದೆವು. ಹುಡುಗ ನನಗಿಂತ ಮೊದಲು ಒಂದು ವಿಷಯ ಹಿಡಿದ. ಸಾಮಾನ್ಯವಾಗಿ ಬಲಗೈ ಎಡಗೈಯ ಮೇಲಿಂದ ದಾಟಿ ಹೈ ಹ್ಯಾಟ್ ಬಾರಿಸುತ್ತದೆ. ಕಾಬಮ್ ಕೈ ದಾಟಿಸುವುದೇ ಇಲ್ಲ. ಎಡಗಡೆಯ ಹೈ ಹ್ಯಾಟ್ ಎಡಗೈಗೆ. ಬಲಗೈ ಸ್ನೇರ್‌ಗೆ, ಬೇರೆ ಡ್ರಮ್‌ಗಳಿಗೆ ಖಾಲಿ ಇರುತ್ತದೆ. ಅವನೂ ಪ್ಯಾಡಿನ ಎಡಕ್ಕೆ ಒಂದು ದಿಂಬು ಇಟ್ಟುಕೊಂಡು ಹಾಗೇ ಮಾಡಿ ನೋಡಿದ. ಎರಡು ನಿಮಿಷಕ್ಕೆ ಎಡ ಮಣಿಕಟ್ಟು ಸೋತಿತು.

ಆಮೇಲೆ ಪರೀಕ್ಷೆ. ಅವನ ಫೋನಿನಲ್ಲಿ ಮೆಟ್ರೋನೋಮ್ ಇದೆ, ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವುದು. ನಿಮಿಷಕ್ಕೆ 100 ಏಟಿಗೆ ಇಟ್ಟೆವು. 'ಸ್ಟ್ರೇಟಸ್' ಥರ ಒಂದು ಸರಳ ನಡೆ ಹಿಡಿದ. ಸರಿಯಾಗಿ ಕೂತ ಮೇಲೆ ನಾನು ಸದ್ದು ಪೂರ್ತಿ ಇಳಿಸಿದೆ. ಮಿನುಗುವ ದೀಪ ನನಗೆ ಮಾತ್ರ ಕಾಣುವ ಹಾಗೆ ಫೋನ್ ಹಿಡಿದುಕೊಂಡೆ. ಮೊದಲ ಸಲ ಅರ್ಧ ನಿಮಿಷಕ್ಕೆ ಏಟು ದೀಪಕ್ಕಿಂತ ಮುಂದೆ ಹೋಗಿತ್ತು. ಎಲ್ಲಿ ಓಡುತ್ತಾನೆ ಅಂತ ನೋಡಿದೆ. ರೋಲ್ ಹಾಕುವ ಕಡೆ, ಅಂದರೆ ನಡೆ ಬಿಟ್ಟು ಬೇಗ ಬೇಗ ಏಟು ಸುರಿಸುವ ಕಡೆ. ನಾಲ್ಕು ಸುತ್ತಿಗೊಮ್ಮೆ ಒಂದು ರೋಲ್ ಹಾಕುತ್ತಾನೆ, ಅದರಿಂದ ಹೊರಗೆ ಬರುವಾಗ ಕಾಲ ಒಂದಿಷ್ಟು ಏರಿರುತ್ತದೆ. ಹಾಗೆ ಹತ್ತು ಸಲ ಆದರೆ ಹಾಡೇ ಬೇರೆ. "ರೋಲ್ ಬಿಟ್ಟು ಬಾರಿಸು" ಅಂದೆ. ಮುಖ ಸಣ್ಣ ಮಾಡಿಕೊಂಡ. ಆದರೂ ಬಾರಿಸಿದ. ಒಂದು ನಿಮಿಷ ಹತ್ತು ಸೆಕೆಂಡ್ ನಿಂತ. ನಾಲ್ಕನೇ ಸಲಕ್ಕೆ ಒಂದೂ ಮುಕ್ಕಾಲು.

ಸಂಜೆ ಜೋರು ಮಳೆ. ಕರೆಂಟ್ ಹೋಯಿತು. ಸ್ಪೀಕರ್‌ನಲ್ಲಿ ಚಾರ್ಜ್ ಇತ್ತು. ಕತ್ತಲಲ್ಲೇ ಕೂತು 'ರೆಡ್ ಬ್ಯಾರನ್' ಕೇಳಿದೆವು. ಎಲ್ಲ ಓಟ, ಬೆಂಕಿ ಮುಗಿದ ಮೇಲೆ ಆಲ್ಬಮ್ ಹೀಗೆ ನಿಧಾನವಾಗಿ, ಊಟ ಮಾಡಿ ಬೀದಿ ಕೊನೆವರೆಗೆ ನಡೆದು ಬರುವವರ ಹಾಗೆ ಮುಗಿಯುತ್ತದೆ. ಅದು ನನಗೆ ತುಂಬ ಇಷ್ಟ.

ಈಗ ಇದನ್ನು ಬರೆಯುವಾಗ ಒಂಬತ್ತು ಗಂಟೆ. ಕರೆಂಟ್ ಬಂದಿದೆ. ಒಳಗಿನ ರೂಮಿನಿಂದ ಪ್ಯಾಡಿನ ಸದ್ದು ಬರುತ್ತಿದೆ. ರೋಲ್ ಇಲ್ಲ. ನಾನು ಇಲ್ಲಿ ಹಾಲಿನಲ್ಲಿ ಬರೆಯುವುದು ನಿಲ್ಲಿಸಿ ತೊಡೆ ಮೇಲೆ ತಾಳ ಹಾಕಿ ನೋಡಿದೆ. ಅಮ್ಮ ಅಡುಗೆಮನೆಯಿಂದ ಕೂಗಿದರು.

"ಸಾರು ಬಿಸಿ ಮಾಡಿದೀನಿ, ಏಳೋ. ಮೊಸರು ಹಾಕ್ಲಾ, ಮಜ್ಜಿಗೆ ಸಾಕಾ?"

"ಮೊಸರು ಅಜ್ಜಿ, ಒಂದ್ನಿಮಿಷ" ಅಂದ. ಏಟು ಒಂದೂ ತಪ್ಪಲಿಲ್ಲ.