ಹಲಗೆಯ ಮೇಲಿದ್ದ ಆರು ಹೆಸರು

1999ರ ಜೂನ್. ನಾನಾಗ ಒಂಬತ್ತನೇ ಕ್ಲಾಸು. ಹೊಸ ಪುಸ್ತಕ ಇನ್ನೂ ಬಂದಿರಲಿಲ್ಲ. ನಮ್ಮ ಸಮಾಜ ಪಾಠದ ಮೇಷ್ಟ್ರು ಪೇಪರ್ ಮಡಚಿ ಹಿಡಿದು ಒಳಗೆ ಬಂದರು. ಹಾಜರಿ ಕರೆಯಲಿಲ್ಲ. ಹಲಗೆಯ ಮೇಲೆ ಒಂದರ ಕೆಳಗೊಂದು ಆರು ಹೆಸರು ಬರೆದರು.

ಕ್ಯಾಪ್ಟನ್ ಸೌರಭ್ ಕಾಲಿಯಾ. ಅರ್ಜುನ್ ರಾಮ್. ಭನ್ವರ್ ಲಾಲ್ ಬಗಾರಿಯಾ. ಭಿಕಾ ರಾಮ್. ಮೂಲಾ ರಾಮ್. ನರೇಶ್ ಸಿಂಗ್.

ಎಲ್ಲರೂ ಜಾಟ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿನವರು. ಮೇ ತಿಂಗಳ ಮಧ್ಯದಲ್ಲಿ ಕಾರ್ಗಿಲ್‌ನ ಕಾಕ್ಸರ್ ಕಡೆ, ಬಜರಂಗ್ ಪೋಸ್ಟಿಗೆ ಗಸ್ತು ಹೋಗಿದ್ದರು. ಚಳಿಗಾಲದಲ್ಲಿ ಖಾಲಿಯಾಗಿದ್ದ ಗುಡ್ಡಗಳಲ್ಲಿ ಪಾಕಿಸ್ತಾನದ ಪಡೆ ಬಂದು ಕೂತಿತ್ತು. ಗುಂಡು ಮುಗಿಯುವವರೆಗೂ ಹೋರಾಡಿ ಸೆರೆಸಿಕ್ಕರು. ಮೂರು ವಾರ ಕಳೆದು, ಜೂನ್ 9ರಂದು ಬಂದದ್ದು ಅವರ ದೇಹಗಳು. ನಮ್ಮವರು ಮಾಡಿದ ಮರಣೋತ್ತರ ಪರೀಕ್ಷೆಯಲ್ಲಿ ಚಿತ್ರಹಿಂಸೆಯ ಗುರುತುಗಳು ಕಂಡವು. ಪಾಕಿಸ್ತಾನ ಅದನ್ನು ಒಪ್ಪಲೇ ಇಲ್ಲ. ಸಿಗರೇಟಿನಿಂದ ಸುಟ್ಟ ಗಾಯದವರೆಗೆ ಓದಿ ಮೇಷ್ಟ್ರು ಪೇಪರ್ ಮಡಚಿಟ್ಟರು.

ಆಮೇಲೆ ಜಿನೀವಾ ಒಪ್ಪಂದದ ಬಗ್ಗೆ ಹೇಳಿದರು. ಸೆರೆಸಿಕ್ಕ ಸೈನಿಕನನ್ನು ಹಿಂಸಿಸಬಾರದು, ಗಾಯಗೊಂಡಿದ್ದರೆ ಔಷಧಿ ಕೊಡಬೇಕು, ಹೆಸರು, ದರ್ಜೆ, ನಂಬರ್, ಹುಟ್ಟಿದ ದಿನ ಬಿಟ್ಟು ಬೇರೇನೂ ಹೇಳೆಂದು ಬಲವಂತ ಮಾಡುವಂತಿಲ್ಲ. 1949ರದ್ದು. ಎರಡೂ ದೇಶ ಒಪ್ಪಿವೆ.

"ಒಪ್ಪಿದ ಮೇಲೂ ಹೀಗ್ಯಾಕೆ ಮಾಡಿದ್ರು ಸಾರ್?" ಅಂತ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು.

ಸೌರಭ್‌ಗೆ ಆಗ 22 ವರ್ಷ. ಸೈನ್ಯದ ಅಧಿಕಾರಿಯಾದದ್ದು 1998ರ ಡಿಸೆಂಬರಿನಲ್ಲಿ. ಇನ್ನು 20 ದಿನ ಕಳೆದಿದ್ದರೆ, ಜೂನ್ 29ಕ್ಕೆ, 23 ತುಂಬುತ್ತಿತ್ತು. ನಮ್ಮಣ್ಣನಿಗೂ ಆಗ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಅವತ್ತು ಮನೆಗೆ ಹೋದವನು ಸುಮ್ನೆ ಅವನ ಪಕ್ಕ ಕೂತಿದ್ದೆ.

ಮಗನಿಗೆ ಹೀಗೆ ಮಾಡಿದವರಿಗೆ ಶಿಕ್ಷೆಯಾಗಲಿ ಎಂದು ಅವರ ತಂದೆ ವರ್ಷಗಟ್ಟಲೆ ಓಡಾಡಿದರು. 2012ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು. ಒಬ್ಬ ಅಪ್ಪ ಇಷ್ಟೊಂದು ಅಲೆಯಬೇಕಾಗಿ ಬಂತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಕೆಲವು ವರ್ಷದ ಹಿಂದೆ ಹಿಮಾಚಲಕ್ಕೆ ಹೋದಾಗ ಅವರ ಊರು ಪಾಲಂಪುರದಲ್ಲಿ ಇಳಿದೆ. ಅಲ್ಲಿ ಅವರ ಹೆಸರಿನ ಸೌರಭ್ ವನ ವಿಹಾರವಿದೆ. ಎದುರಿಗೆ ಧೌಲಾಧಾರ್ ಬೆಟ್ಟಸಾಲು. ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದೆ. ವಯಸ್ಸಾಗಿದೆ, ದನಿ ನಡುಗುತ್ತಿತ್ತು.

"ಉಳಿದ ಐದು ಹೆಸರು ನೆನಪಿದೆಯೇನಪ್ಪಾ?" ಅಂದರು.

ಅರ್ಜುನ್ ರಾಮ್, ಭನ್ವರ್ ಲಾಲ್ ಎಂದು ಶುರುಮಾಡಿದೆ. ಮೂರನೇ ಹೆಸರಿನಿಂದ ಅವರೂ ಆ ಕಡೆಯಿಂದ ನನ್ನ ಜೊತೆ ಹೇಳತೊಡಗಿದರು.