ಬಾತ್ ಸುತ್ತಮುತ್ತ ಮೋಟಾರು ಗಾಡಿಗಳಿಲ್ಲದ ಸೈಕಲ್ ದಾರಿಗಳು

ಇಂಗ್ಲೆಂಡಿನ ನಕ್ಷೆಗಳಲ್ಲಿ ‘ಟ್ರಾಫಿಕ್ ಫ್ರೀ’ ಎಂದು ಗುರುತು ಹಾಕಿದ ಸೈಕಲ್ ದಾರಿಗಳೆಲ್ಲ ಒಂದೇ ಜಾತಿಯವಲ್ಲ. ಹಳಿ ಕಿತ್ತ ರೈಲು ಮಾರ್ಗದ ಮೇಲೆ ಮಾಡಿದ್ದು ಒಂದು, ಕಾಲುವೆ ದಂಡೆಯದು ಇನ್ನೊಂದು, ಕುದುರೆ ಸವಾರರಿಗೆಂದು ಬಿಟ್ಟ ಬ್ರೈಡಲ್‌ವೇ ಮತ್ತೊಂದು. ನಿಮ್ಮದು ಯಾವ ಜಾತಿ ಎಂದು ಗೊತ್ತಾದರೆ ಏರು ಎಷ್ಟಿದೆ, ನೆಲ ಹೇಗಿದೆ, ಯಾವ ಟೈರ್ ಬೇಕು ಎಂಬುದು ಮನೆಯಲ್ಲೇ ತಿಳಿಯುತ್ತದೆ. ತೊಂದರೆ ಕೊಡುವುದು ದಾರಿಯಲ್ಲ, ಒಂದು ದಾರಿ ಮುಗಿದು ಇನ್ನೊಂದು ಶುರುವಾಗುವ ಸಂದು. ಸೋಮರ್ಸೆಟ್‌ನ ಬಾತ್ ಊರಿನಿಂದ ಹೊರಟು ಅಲ್ಲಿಗೇ ಮರಳುವ 21 ಕಿ.ಮೀ. ಸುತ್ತಿನಲ್ಲಿ ಇದನ್ನೆಲ್ಲ ಅರ್ಧ ದಿನದಲ್ಲಿ ನೋಡಬಹುದು.

ಮೊದಲು ರೈಲು ದಾರಿ. ಉಗಿ ಎಂಜಿನ್ನಿಗೆ ಏರು ಎಂದರೆ ಆಗದು, 50 ಅಡಿಗೆ 1 ಅಡಿ ಏರಿದರೂ ಏದುಸಿರು. ಅದಕ್ಕಾಗಿ ಗುಡ್ಡ ಬಂದ ಕಡೆ ಕೊರೆದರು, ತಗ್ಗು ಬಂದ ಕಡೆ ಮಣ್ಣು ಏರಿ ಹಾಕಿದರು, ಹೊಳೆ ಬಂದ ಕಡೆ ಕಮಾನು ಕಟ್ಟಿದರು. ನಷ್ಟದ ರೈಲು ಮಾರ್ಗಗಳನ್ನು ಮುಚ್ಚಲು ಹೇಳಿದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಮೈಲಿ ಮಾರ್ಗ ಮುಚ್ಚಿಹೋಯಿತು. ಬ್ರಿಸ್ಟಲ್ಲಿನಿಂದ ಬಾತ್‌ಗೆ ಬರುತ್ತಿದ್ದ ಅಂಥದೊಂದು ಮಾರ್ಗವನ್ನು ಸೈಕಲ್‌ಬ್ಯಾಗ್ ಎಂಬ ಗುಂಪು 1979ರಿಂದ 1986ರ ನಡುವೆ ಸೈಕಲ್ ದಾರಿಯಾಗಿ ಮಾಡಿತು. ಆ ಗುಂಪೇ ಮುಂದೆ ಸಸ್ಟ್ರಾನ್ಸ್ ಆಗಿ ದೇಶದ ಸೈಕಲ್ ದಾರಿಗಳ ಜಾಲವನ್ನು ಹೆಣೆದಿದ್ದು. ಈ ದಾರಿಯೂ 21 ಕಿ.ಮೀ., ಉದ್ದಕ್ಕೂ ಡಾಂಬರು. ಆದರೆ ನೆಮ್ಮದಿಯ ದಾರಿ ಎಂದುಕೊಂಡು ಬೆಳಿಗ್ಗೆ ಎಂಟಕ್ಕೆ ಹೋದರೆ ಕೆಲಸಕ್ಕೆ ಓಡುವವರ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ. ವಾರದ ದಿನ ಹತ್ತು ಗಂಟೆ ಕಳೆದ ಮೇಲೆ ಹೊರಡಿ. ಇಂಗ್ಲೆಂಡಿನಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಬ್ರಿಸ್ಟಲ್ಲಿನಿಂದ ಬಾತ್ ಕಡೆಗೆ ತುಳಿದರೆ ಗಾಳಿ ಬೆನ್ನಿಗಿರುತ್ತದೆ, ವಾಪಸು ರೈಲಿನಲ್ಲಿ ಬರಬಹುದು.

ನಿಜವಾಗಿ ನೋಡಬೇಕಾದದ್ದು ಬಾತ್‌ನ ದಕ್ಷಿಣಕ್ಕಿರುವ ‘ಟೂ ಟನಲ್ಸ್’ ಮಾರ್ಗ. 1966ರಲ್ಲಿ ಮುಚ್ಚಿದ ಸೋಮರ್ಸೆಟ್ ಅಂಡ್ ಡಾರ್ಸೆಟ್ ರೈಲು ಮಾರ್ಗವನ್ನು 2013ರಲ್ಲಿ ಸೈಕಲ್ಲಿಗೆ ತೆರೆದರು. ಊರಿನ ಓಲ್ಡ್‌ಫೀಲ್ಡ್ ಪಾರ್ಕ್ ಭಾಗದಿಂದ ಬೋರ್ಡುಗಳಲ್ಲಿ 244 ಎಂಬ ಸೈಕಲ್ ದಾರಿಯ ಸಂಖ್ಯೆ ಹಿಡಿದು ಹೋದರೆ ಮೊದಲು 409 ಮೀಟರಿನ ಡೆವನ್‌ಶೈರ್ ಸುರಂಗ, ಆಮೇಲೆ 1,672 ಮೀಟರಿನ ಕೂಂಬ್ ಡೌನ್ ಸುರಂಗ. ಊರಿನಿಂದ ಎರಡನೆಯ ಸುರಂಗದ ಬಾಯಿಯವರೆಗೆ ಏರು 50ಕ್ಕೆ 1. ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ಏನೋ ಬ್ರೇಕ್ ಹಿಡಿದುಕೊಂಡಿದೆ ಎಂದು ಇಳಿದು ಚಕ್ರ ತಿರುಗಿಸಿ ನೋಡುವವರು ಸಾಕಷ್ಟು ಮಂದಿ. ಬ್ರೇಕ್ ಸರಿಯಾಗೇ ಇರುತ್ತದೆ. ಒಂದೆರಡು ಗೇರ್ ಇಳಿಸಿ ಸಮನಾಗಿ ತುಳಿಯಿರಿ, ಅಷ್ಟೇ. ಕೂಂಬ್ ಡೌನ್ ಒಳಗೆ ಮಿಡ್‌ಫರ್ಡ್ ಕಡೆಗೆ 100ಕ್ಕೆ 1ರಷ್ಟು ಇಳಿಜಾರು.

ಈ ಏರಿಳಿತವೇ ಒಮ್ಮೆ ಜೀವ ತೆಗೆದಿದೆ. ಕೂಂಬ್ ಡೌನ್ ಸುರಂಗ ಒಂದೇ ಹಳಿಯ ಅಗಲದ್ದು, ಹೊಗೆ ಹೋಗಲು ಗಾಳಿಗಂಡಿ ಇಲ್ಲ. 1929ರ ನವೆಂಬರಿನಲ್ಲಿ ಮಿಡ್‌ಫರ್ಡ್ ಕಡೆಯಿಂದ ನಿಧಾನವಾಗಿ ಏರುತ್ತಿದ್ದ ಗೂಡ್ಸ್ ರೈಲಿನ ಎಂಜಿನ್ ಸಿಬ್ಬಂದಿ ಒಳಗಿನ ಹೊಗೆಗೆ ಪ್ರಜ್ಞೆ ತಪ್ಪಿದರು. ರೈಲು ಹಾಗೇ ತುದಿ ದಾಟಿ, ಆ 50ಕ್ಕೆ 1ರ ಇಳಿಜಾರಿನಲ್ಲಿ ತಾನಾಗಿ ಓಡಿ, ಬಾತ್ ಗೂಡ್ಸ್ ಯಾರ್ಡಿಗೆ ನುಗ್ಗಿತು. ಮೂವರು ಸತ್ತರು.

ಈಗ ಒಳಗೆ ಡಾಂಬರು, ಮಂದ ದೀಪ, ಒಂದು ಭಾಗದಲ್ಲಿ ನೀವು ಹಾದುಹೋದಂತೆ ಹೊಮ್ಮುವ ಬೆಳಕು, ಸಂಗೀತ. ಗಂಟೆಗೆ 15 ಕಿ.ಮೀ. ವೇಗದಲ್ಲಿ ದಾಟಲು ಏಳು ನಿಮಿಷ ಸಾಕು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಬೆವತ ಮೈಗೆ ಚಳಿ ಹತ್ತುತ್ತದೆ. ಬಾಯಿಯ ಹತ್ತಿರ ನಿಂತು ಒಂದು ಜಾಕೆಟ್ ಹಾಕಿಕೊಳ್ಳಿ, ತಂಪುಗನ್ನಡಕ ತೆಗೆದಿಡಿ. ಮುಂದಿನ ಲೈಟು ಬೇಕೇ ಬೇಕು, ಆದರೆ ಕಡಿಮೆ ಬೆಳಕಿನಲ್ಲಿ, ಸ್ವಲ್ಪ ನೆಲದ ಕಡೆಗೆ ಬಾಗಿಸಿ. ಪೂರ್ತಿ ಬೆಳಕು ಬಿಟ್ಟರೆ ಎದುರಿನವರ ಕಣ್ಣು ಕುಕ್ಕುತ್ತದೆ, ಅವರ ಕೈಯಲ್ಲಿರುವ ನಾಯಿಯ ಹಗ್ಗ ಯಾರಿಗೂ ಕಾಣುವುದಿಲ್ಲ. ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಲೈಟು ಇದೆಯೇ ಎಂದು ಕೇಳಿಯೇ ಹೊರಡಿ.

ಸುರಂಗ ಕಳೆದ ಕೂಡಲೇ ಟಕ್ಕಿಂಗ್ ಮಿಲ್ ಸೇತುವೆ, ಆಮೇಲೆ ಮಿಡ್‌ಫರ್ಡ್. ಮೊದಲು ಹೇಳಿದ ಸಂದು ಇಲ್ಲಿದೆ. ರೈಲು ದಾರಿ ಬಿಟ್ಟು 24ನೇ ಸಂಖ್ಯೆ ಹಿಡಿದು ಮಾಂಕ್ಟನ್ ಕೂಂಬ್ ಹಳ್ಳಿಯ ಮೂಲಕ ಡಂಡಾಸ್ ಸೇರಬೇಕು. ಇದು ಕಾರು ಓಡಾಡುವ ಹಳ್ಳಿ ರಸ್ತೆ. ಕಾರುಗಳು ಕಡಿಮೆ, ನಿಜ. ಆದರೆ ರಸ್ತೆ ಕಿರಿದು, ಎರಡು ಕಡೆ ಆಳೆತ್ತರದ ಬೇಲಿ, ತಿರುವಿನಾಚೆ ಏನಿದೆ ಎಂದು ಕಾಣದು. ರೈಲು ದಾರಿಯ ಸೌಮ್ಯ ಏರಿಗೆ ಒಗ್ಗಿದ ಕಾಲಿಗೆ ಇಲ್ಲಿನ ಏರಿಳಿತ ಚುರುಕು ಮುಟ್ಟಿಸುತ್ತದೆ. ಕೊನೆಗೆ ಎ36 ಹೆದ್ದಾರಿ ದಾಟಬೇಕು, ಲಾರಿ ಕಾರುಗಳು ರಭಸದಿಂದ ಬರುತ್ತವೆ. ಮಕ್ಕಳಿದ್ದರೆ ಎಲ್ಲರೂ ಇಳಿದು, ಸೈಕಲ್ ತಳ್ಳಿಕೊಂಡು ಒಟ್ಟಿಗೆ ದಾಟಿ. ಇದು ಬೇಡವೆನಿಸಿದರೆ ಮಿಡ್‌ಫರ್ಡಿನಲ್ಲೇ ತಿರುಗಿ ಸುರಂಗದಲ್ಲೇ ವಾಪಸಾಗುವುದು ಸರಿ. ಚಿಕ್ಕ ಮಕ್ಕಳ ಜೊತೆ ಬಂದವರಿಗೆ ನಮ್ಮ ಸಲಹೆ ಅದೇ.

ದಾಟಿದವರಿಗೆ ಬ್ರಾಸ್‌ನಾಕರ್ ಬೇಸಿನ್ ಎಂಬ ದೋಣಿ ನಿಲ್ಲುವ ಕೊಳ, ಪಕ್ಕದಲ್ಲೇ ಡಂಡಾಸ್ ಮೇಲ್ಗಾಲುವೆ. ಜಾನ್ ರೆನ್ನಿಯ ವಿನ್ಯಾಸ, 1801ರ ಹೊತ್ತಿಗೆ ಮುಗಿದದ್ದು. ಕೆಳಗೆ ಏವನ್ ನದಿ, ಮೇಲೆ ಕಲ್ಲಿನ ತೊಟ್ಟಿಯಲ್ಲಿ ಕೆನೆಟ್ ಅಂಡ್ ಏವನ್ ಕಾಲುವೆ. ಇಲ್ಲಿಂದ ಬಾತ್‌ಗೆ 4ನೇ ಸಂಖ್ಯೆಯ ದಂಡೆ ದಾರಿ, ಸುಮಾರು 8 ಕಿ.ಮೀ. ನೀರು ಏರಿಸಿ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲುಕಟ್ಟೆಗೆ ಲಾಕ್ ಎನ್ನುತ್ತಾರೆ. ಬ್ರ್ಯಾಡ್‌ಫರ್ಡ್ ಆನ್ ಏವನ್ ಲಾಕಿನಿಂದ ಬಾತ್‌ನ ಮೇಲಿನ ಲಾಕಿನವರೆಗೆ ನಡುವೆ ಒಂದೂ ಲಾಕ್ ಇಲ್ಲ. ನೀರು ಮಟ್ಟಸ ಎಂದರೆ ದಾರಿಯೂ ಮಟ್ಟಸ.

ಏರಿಲ್ಲದ ಮಾತ್ರಕ್ಕೆ ವೇಗ ಬರುವುದಿಲ್ಲ. ದೋಣಿ ಎಳೆಯುವ ಕುದುರೆಗೆಂದು ಮಾಡಿದ ದಾರಿ ಇದು, ಕೆಲವು ಕಡೆ ಎರಡು ಸೈಕಲ್ ಪಕ್ಕಪಕ್ಕ ಹೋಗವು. ಸೇತುವೆಯ ಕಮಾನಿನ ಕೆಳಗೆ ತಲೆ ಬಗ್ಗಿಸಬೇಕು, ಎದುರಿನವರು ಕಾಣುವುದಿಲ್ಲ, ಮುಂಚೆಯೇ ಬೆಲ್ ಹೊಡೆದು ನಿಧಾನಿಸಬೇಕು. ನಡೆಯುವವರಿಗೆ ಮೊದಲ ಹಕ್ಕು. ಕಟ್ಟಿದ ದೋಣಿಗಳ ಹತ್ತಿರ ಹುಲ್ಲಿನ ಮೇಲೆ ಸೈಕಲ್ ಇಳಿಸಬೇಡಿ, ಹಗ್ಗ ಕಟ್ಟುವ ಕಬ್ಬಿಣದ ಗೂಟ ಹುಲ್ಲಿನಲ್ಲೇ ಅಡಗಿರುತ್ತದೆ. ಗಂಟೆಗೆ 10 ಕಿ.ಮೀ. ಲೆಕ್ಕ ಹಾಕಿಕೊಳ್ಳಿ. ಇಡೀ ಸುತ್ತಿಗೆ ನಿಂತು ನೋಡುತ್ತ, ತಿನ್ನುತ್ತ ಮೂರು ಗಂಟೆ ಇಟ್ಟುಕೊಳ್ಳಿ.

ದಂಡೆಯ ನೆಲ ಬಹುಪಾಲು ಒತ್ತಿ ಕೂರಿಸಿದ ಕಲ್ಲುಪುಡಿ. ಒಣಗಿದಾಗ ಚೆನ್ನ. ಮಳೆ ಬಂತೆಂದರೆ ಆ ಪುಡಿ ಬೂದು ಬಣ್ಣದ ಗಂಜಿಯಾಗಿ ಚೈನಿಗೆ, ಬ್ರೇಕಿಗೆ ಮೆತ್ತಿಕೊಳ್ಳುತ್ತದೆ. ಎಣ್ಣೆಯ ಜೊತೆ ಸೇರಿ ಉಜ್ಜುಕಾಗದದಂತೆ ಚೈನನ್ನು, ಹಲ್ಲಿನ ಚಕ್ರವನ್ನು ಸವೆಸುತ್ತದೆ. ಅದರ ಮೇಲೇ ಮತ್ತೆ ಎಣ್ಣೆ ಬಿಟ್ಟರೆ ಇನ್ನೂ ಕೆಡುತ್ತದೆ. ಮೊದಲು ನೀರು ಹಾಕಿ ಪುಡಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೊಂಡಿಗೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಒರೆಸಿಬಿಡಿ. ರಿಮ್ ಬ್ರೇಕ್ ಇದ್ದರೆ ರಬ್ಬರಿನಲ್ಲಿ ಸಿಕ್ಕ ಕಲ್ಲುಹರಳು ಕೀಳಿ, ಇಲ್ಲದಿದ್ದರೆ ರಿಮ್ಮಿಗೆ ಗೀರು ಬೀಳುತ್ತದೆ. ಪೂರ್ತಿ ಉದ್ದದ ಮಡ್‌ಗಾರ್ಡ್ ಇಲ್ಲದೆ ಮಳೆಗಾಲ ಮುಗಿಯದ ಈ ದೇಶದಲ್ಲಿ ದಂಡೆಗೆ ಇಳಿಯಬೇಡಿ.

ಟೈರ್ 35ರಿಂದ 40 ಮಿ.ಮೀ. ಅಗಲದ್ದು ಎರಡೂ ನೆಲಕ್ಕೆ ಒಗ್ಗುತ್ತದೆ. ಗಾಳಿ 45–50 ಪಿಎಸ್‌ಐ, ಆಸಾಮಿ ಭಾರವಿದ್ದರೆ ಇನ್ನೈದು ಹೆಚ್ಚು. ಪಂಕ್ಚರಿಗೆ ದೊಡ್ಡ ಕಾರಣ ಗಾಜಲ್ಲ, ಬೇಲಿಗೆ ಬೆಳೆಸುವ ಹಾಥಾರ್ನ್ ಗಿಡದ ಮುಳ್ಳು. ಹಕ್ಕಿಗಳು ಗೂಡು ಕಟ್ಟುವ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಬೇಲಿ ಕತ್ತರಿಸುವಂತಿಲ್ಲ. ಹಾಗಾಗಿ ಸೆಪ್ಟೆಂಬರಿನಿಂದ ಯಂತ್ರ ಹಚ್ಚುತ್ತಾರೆ, ಚೂರಾದ ಮುಳ್ಳುಕಡ್ಡಿ ದಾರಿ ತುಂಬ ಬೀಳುತ್ತದೆ. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಮುಳ್ಳು ರಬ್ಬರಿನೊಳಗೇ ಮುರಿದು ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಹೊಸ ಟ್ಯೂಬನ್ನೂ ಚುಚ್ಚುತ್ತದೆ. ತೆಗೆಯಲು ಒಂದು ಚಿಮುಟ ಚೀಲದಲ್ಲಿರಲಿ. ಬೇಸಿಗೆಯಲ್ಲಿ ಮುಳ್ಳಿನ ಕಾಟವಿಲ್ಲ, ಬದಲಿಗೆ ತುರಚೆ ಗಿಡ ದಾರಿಗೆ ಬಾಗಿರುತ್ತದೆ. ಚಡ್ಡಿ ಹಾಕಿದವರ ಮೊಣಕಾಲು ಉರಿಯುತ್ತದೆ.

ಬೋರ್ಡು ಓದುವುದು ಸುಲಭ. ನೀಲಿ ಬೋರ್ಡಿನಲ್ಲಿ ಕೆಂಪು ಚೌಕದೊಳಗಿನ ಅಂಕಿ ರಾಷ್ಟ್ರೀಯ ಸೈಕಲ್ ದಾರಿಯ ಸಂಖ್ಯೆ. ಅದು ಆವರಣದೊಳಗೆ ಇದ್ದರೆ ನೀವಿನ್ನೂ ಆ ದಾರಿಯಲ್ಲಿಲ್ಲ, ಅದರ ಕಡೆಗೆ ಹೋಗುತ್ತಿದ್ದೀರಿ ಎಂದರ್ಥ. ಹೊಲಗಳ ನಡುವೆ ನೀಲಿ ಬಾಣ ಕಂಡರೆ ಬ್ರೈಡಲ್‌ವೇ, ಸೈಕಲ್ ಹೋಗಬಹುದು, ಕುದುರೆಗೂ ನಡೆಯುವವರಿಗೂ ದಾರಿ ಬಿಡಬೇಕು. ಹಳದಿ ಬಾಣ ಕಾಲುದಾರಿ, ಅಲ್ಲಿ ಸೈಕಲ್ ತುಳಿಯುವಂತಿಲ್ಲ. ಚಳಿಗಾಲದಲ್ಲಿ ಬ್ರೈಡಲ್‌ವೇ ಎಂದರೆ ಗೊರಸಿನ ಗುಂಡಿಗಳ ಕೆಸರು, ಅದಕ್ಕೆ ಬೇರೆಯೇ ಸೈಕಲ್ ಬೇಕು.

ರೆಡಿಂಗ್‌ನಲ್ಲೋ ಲಂಡನ್ನಿನಲ್ಲೋ ಇರುವ ಮಕ್ಕಳ ಮನೆಗೆ ಬಂದು ಅಲ್ಲಿಂದ ಹೊರಡುವವರು ಸೈಕಲ್ ಸಮೇತ ರೈಲಿನಲ್ಲೇ ಬಾತ್‌ಗೆ ಬರಬಹುದು. ದೂರದ ರೈಲುಗಳಲ್ಲಿ ಸೈಕಲ್ ಜಾಗ ಮುಂಚೆಯೇ ಕಾದಿರಿಸಿ, ಅದಕ್ಕೆ ಹಣ ಕೊಡಬೇಕಿಲ್ಲ. ಆ ಜಾಗವೋ ಬೀರುವಿನಷ್ಟು ಇಕ್ಕಟ್ಟು, ಮುಂಚಕ್ರವನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸಿ ಸೈಕಲ್ ನೆಟ್ಟಗೆ ನಿಲ್ಲಿಸಬೇಕು. ಅಗಲ ಹ್ಯಾಂಡಲ್ಲಿನ ಮೌಂಟನ್ ಬೈಕ್ ಕಷ್ಟಪಟ್ಟು ತೂರುತ್ತದೆ. ಹತ್ತುವ ಮೊದಲೇ ಚೀಲ, ನೀರಿನ ಬಾಟಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ, ಇಳಿಯುವ ನಿಲ್ದಾಣ ಬರಲು ಐದು ನಿಮಿಷ ಇರುವಾಗಲೇ ಎದ್ದು ಹೋಗಿ ಕೊಕ್ಕೆಯಿಂದ ಇಳಿಸಿಕೊಳ್ಳಿ.